ನರ್ಸರಿಯಮ್ಮನ ಖಾಯಂ ಆರ್ಡರ್

ನರ್ಸರಿಯಮ್ಮನ ಬಲಗೈ ಕಿರುಬೆರಳಿನ ಉಗುರೊಂದು ಮಾತ್ರ ಅರ್ಧ ಇಂಚು ಉದ್ದವಿತ್ತು. ಉಳಿದ ಒಂಬತ್ತನ್ನೂ ಹಳೆಯ ಬ್ಲೇಡಿನಲ್ಲಿ ಬುಡಮಟ್ಟ ಕತ್ತರಿಸಿಕೊಳ್ಳುತ್ತಿದ್ದ ಆಕೆ, ಅದೊಂದಕ್ಕೆ ಕೊಬ್ಬರಿ ಎಣ್ಣೆ ಸವರಿ ಸಾಕಿದ್ದಳು. ಒಳಮುಖವಾಗಿ ಬಾಗಿ, ಪುಟ್ಟ ಸೌಟಿನ ಹಾಗೆ ಗುಳಿಬಿದ್ದು, ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಉಗುರು ಅದು. ನಶ್ಯ ಏರಿಸುವುದಕ್ಕೆ ಬಿಟ್ಟಿದ್ದಾಳೆ ಎಂದು ನಮ್ಮ ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಮ್ಮನಂತೂ ಆಕೆ ಕೊಟ್ಟ ಅವರೆಕಾಳನ್ನು ಒಂದು ನೀರು ಹೆಚ್ಚಿಗೆ ತೊಳೆಯುತ್ತಿದ್ದಳು. ಅದು ಕಸುಬಿನ ಹತಾರ ಎಂದು ಯಾರಿಗೂ ಹೊಳೆದಿರಲಿಲ್ಲ. ಕೇಳುವ ಪುರುಸೊತ್ತೂ ಯಾರಿಗೂ ಇರಲಿಲ್ಲ.

ಹೆದ್ದಾರಿಯ ಮೇಲಿನ ಮಾಕಳಿಯಿಂದ ಒಳಕ್ಕೆ ಎರಡು ಕಿಲೋಮೀಟರ್ ನಡೆದರೆ ನಮ್ಮ ಊರು. ಅಪ್ಪ ಪೀಣ್ಯದ ಒಂದು ಪ್ಲೇಟಿಂಗ್ ಯೂನಿಟ್ಟಿನಲ್ಲಿ ಬೋಲ್ಟುಗಳನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆಯುವ ಕೆಲಸ ಮಾಡುತ್ತಿದ್ದ. ನರ್ಸರಿಯಮ್ಮನ ಮನೆ ನಮ್ಮದರಿಂದ ನಾಲ್ಕನೆಯದು. ಮಗಳು, ಅಳಿಯ ಜೊತೆಯಲ್ಲೇ ಇದ್ದರು. ಮನೆಯ ಹಿಂದೆ ಒಂದು ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಒಂದೇ ಒಂದು ನೀಲಗಿರಿ ಮರ. ಬಿಳಿ ತೊಗಟೆ ಸುಲಿದುಕೊಂಡು, ನಾಲ್ಕು ಮನೆಯ ಹೆಂಚಿನ ಮೇಲೂ ಎಲೆ ಉದುರಿಸಿಕೊಂಡು ನಿಂತಿತ್ತು. ಬೀದಿಯಲ್ಲಿ ಯಾವ ಮಗುವಿಗೆ ಮೂಗು ಕಟ್ಟಿದರೂ ಹಬೆ ಹಿಡಿಸಲು ಎಲೆ ಹೋಗುತ್ತಿದ್ದದ್ದು ಅದೇ ಮರದಿಂದ. ಕೇಳಿ ಕೀಳುತ್ತಿದ್ದವರು ಕಡಿಮೆ.

ಹೆದ್ದಾರಿಯಾಚೆ ಹಿಂದೆ ಒಂದು ಸರ್ಕಾರಿ ನರ್ಸರಿ ಇತ್ತಂತೆ. ಹನ್ನೆರಡು ವರ್ಷ ಅಲ್ಲಿ ಆಕೆ ದಿನಗೂಲಿ. ಸುತ್ತಲಿನ ಹೊಲಗಳಿಗೆ ಹೋದ ನೀಲಗಿರಿ ಸಸಿಗಳಲ್ಲಿ ಎಷ್ಟೋ ಆಕೆಯ ಕೈಯಿಂದಲೇ ಎದ್ದವು. ಹೊಸ ಸಾಹೇಬರು ಬಂದಾಗಲೆಲ್ಲ ಖಾಯಂ ಮಾಡುತ್ತೇವೆಂದು ಹೆಸರು ಬರೆದುಕೊಂಡು ಹೋಗುತ್ತಿದ್ದರು. ಕೊನೆಗೆ ನರ್ಸರಿಯ ಜಾಗಕ್ಕೆ ಶೆಡ್ಡುಗಳು ಬಂದವು, ನಾಳೆಯಿಂದ ಬರಬೇಡ ಎಂದರು. ಆ ದಿನ ಆಕೆ ಸೆರಗಿನ ತುದಿಗೆ ಒಂದು ಚಿಟಿಕೆ ಬೀಜ ಗಂಟು ಹಾಕಿಕೊಂಡು ಮನೆಗೆ ಬಂದಳು. ಆ ಬೀಜದಿಂದ ಎದ್ದ ಸಸಿಗಳಲ್ಲಿ ಒಂದನ್ನು ಹಿತ್ತಲಲ್ಲಿ ನೆಟ್ಟಳು. ಹನ್ನೆರಡು ವರ್ಷದ ದುಡಿಮೆಗೆ ಅದು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಮರದ ಬುಡ ತಟ್ಟಿ ನನಗೆ ಹೇಳುತ್ತಿದ್ದಳು: "ಎಲ್ರಿಗೂ ಕಾಗ್ದ ಕೊಟ್ರು, ನಂಗೆ ಇದ್ ಬಂತು. ಇದೇ ಕಣವ್ವ ನನ್ ಖಾಯಂ ಆರ್ಡ್ರು."

ನಾನು ಆ ಹಿತ್ತಲಿಗೆ ಹೋಗತೊಡಗಿದ್ದು ಓದಲು ನೆರಳಿದೆ ಎಂಬ ನೆವದಿಂದ. ಸಂಕ್ರಾಂತಿ ಕಳೆದ ಮೇಲೆ ಪ್ರತಿವರ್ಷ ಆಕೆ ಅಟ್ಟದಿಂದ ಒಂದು ಹಳೆಯ ಅಲ್ಯೂಮಿನಿಯಂ ಬೇಸಿನ್ ಇಳಿಸುತ್ತಿದ್ದಳು. ತಳದಲ್ಲಿ ಮೊಳೆ ಹೊಡೆದು ಮಾಡಿದ ತೂತುಗಳು. ಅದರ ಮೇಲೆ ಹೆಂಚಿನ ಚೂರು, ಮೇಲೆ ಜರಡಿ ಹಿಡಿದ ಕೆಮ್ಮಣ್ಣು, ಮರಳು, ಪುಡಿಯಾದ ತರಗೆಲೆ. ಅಷ್ಟಾದ ಮೇಲೆ ಒಲೆಯಿಂದ ಕುದಿಯುವ ನೀರನ್ನೇ ತಂದು ಆ ಮಣ್ಣಿಗೆ ಸುರಿಯುತ್ತಿದ್ದಳು. ಮಣ್ಣಿನೊಳಗಿನ ಬೂಷ್ಟು ಸಾಯದಿದ್ದರೆ ಮೊಳಕೆ ಬುಡದಲ್ಲೇ ಕೊಳೆಯುತ್ತದಂತೆ. ಮಣ್ಣಿಗೂ ಸ್ನಾನ ಮಾಡಿಸುವ ಹುಚ್ಚಿ ಎಂದು ನಾನು ಮನೆಗೆ ಹೋಗಿ ನಗಾಡಿದ್ದೆ.

ನೀಲಗಿರಿಯ ಬೀಜ ನೋಡಿದವರಿಗೆ ಅದು ಬೀಜವೆಂದು ನಂಬಿಕೆಯೇ ಬರುವುದಿಲ್ಲ. ಗಟ್ಟಿ ಕಾಯಿಗಳನ್ನು ಕಾಗದದ ಮೇಲೆ ಎರಡು ಮೂರು ದಿನ ಒಣಗಿಸಿದರೆ ಬಾಯಿ ಬಿಟ್ಟು ನಶ್ಯದಂಥ ಪುಡಿ ಉದುರಿಸುತ್ತವೆ. ಅದರಲ್ಲಿ ಕಪ್ಪಗಿರುವುದು ಬೀಜ, ಕೆಂಚಗಿರುವುದು ಹೊಟ್ಟು. ಬೇರ್ಪಡಿಸಲು ಹೋಗಬಾರದು. ಸಣ್ಣ ಮರಳು ಬೆರೆಸಿ, ಎರಡು ಬೆರಳ ನಡುವೆ ಹಿಡಿದು ರಂಗೋಲಿ ಬಿಟ್ಟಂತೆ ಬಿಡಬೇಕು. ಮೇಲೆ ಮಣ್ಣು ಮುಚ್ಚಬಾರದು, ಮುಸುಕಿನಷ್ಟು ಮರಳು ಸಾಕು. ಮೇಲಿಂದ ನೀರು ಹಾಕಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಅದಕ್ಕೆ ಬೇಸಿನ್ನನ್ನು ಅಗಲವಾದ ತಟ್ಟೆಯ ನೀರಿನಲ್ಲಿಟ್ಟು, ಮಣ್ಣು ತಳದಿಂದ ತಾನೇ ಕುಡಿದು ಮೇಲೆ ಕಪ್ಪಗಾಗುವ ತನಕ ಕಾಯುತ್ತಿದ್ದಳು. ಮೇಲೆ ರಾಗಿಹುಲ್ಲಿನ ಹೊದಿಕೆ, ಇರುವೆ ಬಾರದಂತೆ ಸುತ್ತ ಬೂದಿ. ಎಂಟನೆಯ ದಿನವೋ ಹತ್ತನೆಯ ದಿನವೋ ಹುಲ್ಲು ಸರಿಸಿದರೆ ಮಣ್ಣಿಗೆ ಹಸಿರು ಬಂದಿರುತ್ತಿತ್ತು.

ಉಗುರಿನ ಕೆಲಸ ಆಮೇಲೆ. ಎರಡನೇ ಜೊತೆ ಎಲೆ ಬಿಟ್ಟಾಗ ಒಂದೊಂದೇ ಮೊಳಕೆಯನ್ನು ಎತ್ತಿ ಹಾಲಿನ ಪ್ಯಾಕೆಟ್ಟಿನಲ್ಲಿ ತುಂಬಿಟ್ಟ ಮಣ್ಣಿಗೆ ಕೂರಿಸಬೇಕು. ಆಕೆ ಎಡಗೈಯಲ್ಲಿ ಒಂದು ಎಲೆಯ ತುದಿ ಹಿಡಿದು, ಬಲಗೈಯ ಆ ಉಗುರನ್ನು ಮಣ್ಣಿಗಿಳಿಸಿ, ಬೇರಿನ ಸಮೇತ ಎಬ್ಬಿಸುತ್ತಿದ್ದಳು. ಬೇರಿಗೆ ಒಂದು ಕಾಳು ಮಣ್ಣೂ ಅಂಟಿಕೊಂಡು ಬರುತ್ತಿತ್ತು. ನನಗೆ ಬಿದಿರಿನ ಕಡ್ಡಿಯೊಂದನ್ನು ಕೆತ್ತಿಕೊಟ್ಟಿದ್ದಳು. ಮೊದಲ ವರ್ಷ ನಾನು ಕೊಂದ ಸಸಿಗಳಿಗೆ ಲೆಕ್ಕವಿಲ್ಲ. ದಂಟು ಹಿಡಿದಾಗಲೆಲ್ಲ ಆ ಉಗುರಿನಿಂದಲೇ ನನ್ನ ಗೆಣ್ಣಿಗೆ ಒಮ್ಮೆ ಚುಚ್ಚುತ್ತಿದ್ದಳು. "ಎಲೆ ಇಡ್ಕೊ, ಕತ್ ಮುಟ್ಬ್ಯಾಡ. ಎಲೆ ಓದ್ರೆ ಇನ್ನೊಂದು ಬತ್ತದೆ. ಕತ್ ನಸುಕುದ್ರೆ ಗಿಡವೇ ಓಯ್ತು."

ಲೆಕ್ಕ ಎಂದೆನಲ್ಲ, ಎಣಿಸುವುದು ಆಕೆಗೆ ಅಂಟಿದ ಚಟ. ಓದು ಬರೆಹ ಬಾರದು, ಸಹಿಗೆ ಹೆಬ್ಬೆಟ್ಟು. ಆದರೆ ನರ್ಸರಿಯಲ್ಲಿ ಸಾಲಿಗಿಷ್ಟು ಸಸಿ ಎಂದು ಹನ್ನೆರಡು ವರ್ಷ ಎಣಿಸಿದ ತುಟಿ ಸುಮ್ಮನಿರುತ್ತಿರಲಿಲ್ಲ. ಬಸ್ಸು ಹತ್ತಿದರೆ ತಲೆ ಎಣಿಸುವಳು, ಮದುವೆಗೆ ಹೋದರೆ ಪಂಕ್ತಿಯ ಎಲೆ ಎಣಿಸುವಳು. ಒಮ್ಮೆ ಅಮ್ಮ ಕಟ್ಟಿದ ಹೂಮಾಲೆಯನ್ನು ಮಾತಾಡುತ್ತಾ ನೋಡಿ, ನಡುವೆ ಒಂದು ಕಡೆ ಜೋಡಿ ತಪ್ಪಿದೆ ಎಂದಿದ್ದಳು. ತಪ್ಪಿತ್ತು.

ಮುಂಗಾರಿನ ಹೊತ್ತಿಗೆ ಸಸಿಗಳು ಗೇಣುದ್ದ ಆಗುತ್ತಿದ್ದವು. ಮೊದಮೊದಲು ಯಾರಾದರೂ ಹೊಲದ ಬದುವಿಗೆ ಒಯ್ಯುತ್ತಿದ್ದರಂತೆ. ನಾನು ಕಂಡ ವರ್ಷಗಳಲ್ಲಿ ಯಾರೂ ಒಯ್ಯಲಿಲ್ಲ. ಹೊಲಗಳೇ ಸೈಟುಗಳಾಗುತ್ತಿದ್ದವು. ಬೇರು ನೆಲಕ್ಕಿಳಿಯದಂತೆ ಹದಿನೈದು ದಿನಕ್ಕೊಮ್ಮೆ ಪ್ಯಾಕೆಟ್ಟುಗಳ ಜಾಗ ಬದಲಿಸುತ್ತಾ ಇದ್ದು, ಕೊನೆಗೆ ಅವು ಅಲ್ಲೇ ಬೇರು ಸುತ್ತಿಕೊಂಡು ಒಣಗುತ್ತಿದ್ದವು. ಹಾಗಾದರೆ ಯಾಕೆ ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಕೈ ಮರೆತುಹೋಗಬಾರದಲ್ಲ ಎಂದಿದ್ದಳು.

ನಾನು ಎರಡನೇ ಪಿಯುಸಿಯಲ್ಲಿದ್ದ ಬೇಸಿಗೆ ಬೀದಿಯ ಸೇದುವ ಬಾವಿ ಬತ್ತಿತು. ಬಾವಿಯಿಂದ ಇಪ್ಪತ್ತು ಮಾರು ದೂರದಲ್ಲಿ ನರ್ಸರಿಯಮ್ಮನ ಮರ. ನೀಲಗಿರಿ ನೀರು ಕುಡಿಯುತ್ತದೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲೂ ಇದ್ದ ಮಾತು, ಸುಳ್ಳೂ ಅಲ್ಲ. ಆದರೆ ಊರ ಹಿಂದೆ ಪಂಚಾಯ್ತಿ ಮೆಂಬರನದೇ ಮೂರು ಎಕರೆ ನೀಲಗಿರಿ ತೋಪಿತ್ತು. ಅದರ ಕಂಬಗಳು ತಾರಸಿ ಕಟ್ಟುವ ಸೆಂಟ್ರಿಂಗಿಗೆ ಹೋಗುತ್ತಿದ್ದವು, ಅದರ ಮಾತು ಯಾರೂ ಎತ್ತಲಿಲ್ಲ. ಹಿಂದಿನ ವರ್ಷ ಊರ ಬಗಲಿಗೆ ಹೊಸ ಫ್ಯಾಕ್ಟರಿಯೊಂದು ಬಂದು ನಾಲ್ಕು ಬೋರ್ ಕೊರೆಸಿತ್ತು. ಹಗಲೆಲ್ಲ ಅದರ ಮೋಟಾರಿನ ಸದ್ದು ಕೇಳುತ್ತಿತ್ತು. ಅದರ ಮಾತನ್ನಂತೂ ಯಾರೂ ಎತ್ತಲಿಲ್ಲ. ಎರಡು ಮನೆಗೊಬ್ಬರು ಅಲ್ಲಿ ಕೆಲಸಕ್ಕೆ ಸೇರಿದ್ದರು, ಉಳಿದ ಮನೆಗಳಲ್ಲಿ ಅಲ್ಲಿಯವರೇ ಬಾಡಿಗೆಗಿದ್ದರು. ಹಾಗಾಗಿ ಇಡೀ ಊರಿನಲ್ಲಿ ನೀರು ಕುಡಿದದ್ದು ಒಬ್ಬ ಮುದುಕಿಯ ಒಂದು ಮರ ಎಂದು ತೀರ್ಮಾನವಾಯಿತು.

ಮರ ತೆಗೆಸಬೇಕೆಂದು ಪಂಚಾಯ್ತಿಗೆ ಅರ್ಜಿ ಹಾಕುವುದೆಂದಾಯಿತು. ಅಪ್ಪ ಮುಂದಾಳು. ಅರ್ಜಿ ಬರೆದದ್ದು ನಾನು.

ಬಲವಂತಕ್ಕೆ ಬರೆದೆ ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳಾಗುತ್ತದೆ. ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು, ಜಗುಲಿಯಲ್ಲಿ ಹತ್ತು ಜನ ಹಿರಿಯರು ನನ್ನ ಪೆನ್ನನ್ನೇ ನೋಡುತ್ತಾ ಕೂತಿದ್ದರು. ನನಗೆ ಉಬ್ಬು ಬಂದುಬಿಟ್ಟಿತು. ಸದರಿ ಮರವು ದಿನವೊಂದಕ್ಕೆ ನೂರಾರು ಬಿಂದಿಗೆ ನೀರನ್ನು ಹೀರುತ್ತಿದೆ ಎಂದು ಬರೆದೆ. ಯಾರು ಅಳೆದಿದ್ದರು? ಅಷ್ಟಕ್ಕೇ ನಿಲ್ಲಿಸದೆ ಇನ್ನೂ ಒಂದು ಸಾಲು ಸೇರಿಸಿದೆ: "ಇದು ನೆರೆಹೊರೆಯವರ ಬಾಯಾರಿಕೆಯ ಮೇಲೆ ಬೇರು ಬಿಟ್ಟು, ಅವರ ಮಕ್ಕಳ ಕಣ್ಣೀರು ಕುಡಿದು ಬೆಳೆದ ಮರ." ಅಪ್ಪ ಅದನ್ನು ಎರಡು ಸಲ ಓದಿಸಿದ. ಕೆಳಗೆ ಸಹಿ ಹಾಕಿದವರಲ್ಲಿ ನರ್ಸರಿಯಮ್ಮನ ಅಳಿಯನೂ ಒಬ್ಬ. ಆ ಜಾಗದಲ್ಲಿ ಎರಡು ಬಾಡಿಗೆ ರೂಮು ಎಬ್ಬಿಸುವ ಆಸೆ ಅವನಿಗೆ ಬಹಳ ದಿನದಿಂದ ಇತ್ತು.

ತಿಂಗಳೊಳಗೆ ನೋಟೀಸು ಬಂತು. ಅದನ್ನು ಹಿಡಿದುಕೊಂಡು ನರ್ಸರಿಯಮ್ಮ ನೇರ ನನ್ನ ಹತ್ತಿರವೇ ಬಂದಳು. ಇನ್ನಾರ ಹತ್ತಿರ ಹೋದಾಳು, ಆಕೆಗೆ ಗೊತ್ತಿದ್ದ ಓದಿದ ಹುಡುಗಿ ನಾನೇ. ಪಕ್ಕದಲ್ಲಿ ಕೂತು, ಕಾಗದ ನನ್ನ ತೊಡೆಯ ಮೇಲಿಟ್ಟು, ಓದು ಎಂದಳು. ಪಂಚಾಯ್ತಿಯವರು ಹೊಸದಾಗಿ ಬರೆಯುವ ಗೋಜಿಗೆ ಹೋಗಿರಲಿಲ್ಲ. ಅರ್ಜಿದಾರರು ತಿಳಿಸಿರುವಂತೆ ಎಂದು ಶುರುಮಾಡಿ ನನ್ನ ಮಾತುಗಳನ್ನೇ ಇಳಿಸಿದ್ದರು. ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಾ ಹೋದೆ. ಬಾಯಾರಿಕೆ, ಕಣ್ಣೀರು ಎಂಬ ಆ ಸಾಲು ಬಂದಾಗ ಬೆರಳು ಮುಂದಕ್ಕೆ ಹೋಯಿತು, ಸಾಲನ್ನು ನುಂಗಿಕೊಂಡೆ. ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು ಎಂದು ಮುಗಿಸಿದೆ. ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗಿಟ್ಟುಕೊಂಡು ಎದ್ದಳು.

ಮರ ಒಂದು ಬೆಳಗ್ಗೆಗೆ ಉರುಳಿತು. ಆದರೆ ನೀಲಗಿರಿಯ ಮೋಟು ಚಿಗುರುತ್ತದೆ. ಮೂರು ವಾರದಲ್ಲಿ ಕೆಂಪು ಚಿಗುರಿನ ಗೊಂಚಲು ಹೊರಟಿತು. ಅಪ್ಪ ಯೂನಿಟ್ಟಿನಿಂದ ಒಂದು ಕ್ಯಾನು ಹಳೆಯ ಆಸಿಡ್ ತಂದ. ನಾನು ಬೇಲಿಯ ಈಚೆ ನಿಂತಿದ್ದೆ. ಅಪ್ಪ ಮೋಟಿನ ನೆತ್ತಿಯ ಮೇಲೆ ಸುರಿಯಲು ಕ್ಯಾನು ಬಗ್ಗಿಸಿದಾಗ, ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ನರ್ಸರಿಯಮ್ಮ ಹೇಳಿದಳು: "ಅಂಗ್ ಮ್ಯಾಲುಯ್ದ್ರೆ ಸಾಯಾಕಿಲ್ಲ ಕಣಪ್ಪ. ಸುತ್ತ ತೊಗಟೆ ಕೆತ್ತಿ ಉಯ್ಯಿ." ಅಣಕವಿರಲಿಲ್ಲ, ಅಳುವೂ ಇರಲಿಲ್ಲ. ಕೆಲಸ ಕೆಡುತ್ತಿರುವುದನ್ನು ನೋಡಲಾಗದೆ ಹೇಳಿದ್ದು. ಅಪ್ಪ ಮಚ್ಚು ತರಿಸಿ, ಆಕೆ ಹೇಳಿದಂತೆಯೇ ಸುತ್ತ ಕೆತ್ತಿ ಸುರಿದ. ಬುಡ ಹಳದಿ ನೊರೆ ಕಕ್ಕಿತು. ಮತ್ತೆ ಚಿಗುರಲಿಲ್ಲ.

ಬಾವಿಗೆ ನೀರು ಬರಲಿಲ್ಲ. ಆ ಮಳೆಗಾಲಕ್ಕೂ ಇಲ್ಲ, ಮುಂದಿನ ಮಳೆಗಾಲಕ್ಕೂ ಇಲ್ಲ. ಫ್ಯಾಕ್ಟರಿಯ ಬೋರಿನ ಬಗ್ಗೆ ಇನ್ನೊಂದು ಅರ್ಜಿ ಬರೆಯಲೇ ಎಂದು ನಾನೇ ಅಪ್ಪನನ್ನು ಕೇಳಿದೆ. "ನಿಂಗ್ಯಾಕಮ್ಮ ದೊಡ್ಡೋರ ಸಾವಾಸ, ಓದ್ಕೊ ಓಗು" ಎಂದ. ಕೊನೆಗೆ ಟ್ಯಾಂಕರ್ ಬರತೊಡಗಿತು. ಬಾವಿಗೆ ಕಸ ತುಂಬಿ ಚಪ್ಪಡಿ ಹಾಕಿದರು. ಹಿತ್ತಲಲ್ಲಿ ಅಳಿಯನ ಎರಡು ರೂಮುಗಳು ಎದ್ದು, ಮೊದಲ ಬಾಡಿಗೆದಾರರಾಗಿ ಆ ಫ್ಯಾಕ್ಟರಿಯವರೇ ಬಂದರು. ಮರ ಉರುಳಿಸಿದ್ದು ತಪ್ಪಾಯಿತೆಂದು ನಮ್ಮ ಬೀದಿಯ ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ.

ಉರುಳಿದ ಮರದ ಕೊಂಬೆಗಳಿಂದ ಆಕೆ ಆ ದಿನವೇ ಕಾಯಿ ಕಿತ್ತಿಟ್ಟುಕೊಂಡಿದ್ದಳು. ಮುಂದಿನ ಸಂಕ್ರಾಂತಿಗೆ ಬೇಸಿನ್ನು ರೂಮುಗಳ ತಾರಸಿ ಏರಿತು. ಬಾ, ನೀನೂ ಕಡ್ಡಿ ಹಿಡಿ ಎಂದು ಕರೆದಳು, ಏನೂ ಆಗದವಳಂತೆ ಹೋಗಿ ಕೂತೆ. ಆಮೇಲೂ ಪ್ರತಿವರ್ಷ ಕೂತೆ. ಡಿಗ್ರಿ ಓದುವಾಗಲೂ, ಮುಗಿಸಿ ಕೆಲಸವಿಲ್ಲದೆ ಎರಡು ವರ್ಷ ಮನೆಯಲ್ಲಿದ್ದಾಗಲೂ. ನನ್ನ ಕೈಯಲ್ಲಿ ಸಸಿ ಸಾಯುವುದು ನಿಂತಿತು.

ನೆಲಮಂಗಲದ ಕಡೆ ಒಂದು ಅಂಗಾಂಶ ಕೃಷಿಯ ಕಂಪನಿಯಲ್ಲಿ ಹುಡುಗಿಯರು ಬೇಕು ಎಂದಿದ್ದರು. ಗಾಜಿನ ಬಾಟಲಿಯಲ್ಲಿ ಬೆಳೆಸಿದ ಬಾಳೆಯ, ಹೂವಿನ ಎಳೆಸಸಿಗಳನ್ನು ಚಿಮಟದಲ್ಲಿ ಎತ್ತಿ ಬೇರೆ ಬಾಟಲಿಗೆ ಕೂರಿಸುವ ಕೆಲಸ. ಪರೀಕ್ಷೆಗೆಂದು ಇಪ್ಪತ್ತು ಹುಡುಗಿಯರ ಮುಂದೆ ಒಂದೊಂದು ತಟ್ಟೆ ಇಟ್ಟರು. ಹತ್ತೊಂಬತ್ತು ಜನ ದಂಟು ಹಿಡಿದರು. ನಾನು ಎಲೆ ಹಿಡಿದೆ. ಮೇಡಂ ಬಂದು, ಎಲ್ಲಿ ಕಲಿತೆ ಎಂದು ಕೇಳಿದರು. ಮನೆಯ ಹತ್ತಿರ ಎಂದಷ್ಟೇ ಹೇಳಿದೆ.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ನನ್ನ ಟ್ರೈನಿಂಗ್ ಮುಗಿದು ಕೆಲಸ ಖಾಯಂ ಆಯಿತು. ಆ ಕಾಗದ ಹಿಡಿದುಕೊಂಡು ಮೊದಲು ಹೋದದ್ದು ನರ್ಸರಿಯಮ್ಮನ ಹತ್ತಿರ. ಖಾಯಂ ಎಂಬ ಮಾತಿನ ತೂಕ ನಮ್ಮೂರಲ್ಲಿ ಆಕೆಗೆ ಗೊತ್ತಿದ್ದಂತೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕಾಲು ಬಾತು, ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಕಾಗದವನ್ನು ಮುಟ್ಟಿ ನೋಡಿದಳು, ಮೊಹರಿನ ಮೇಲೆ ಉಗುರು ಆಡಿಸಿದಳು. ಓದು ಎಂದಳು. ಇಂಗ್ಲಿಷಿನಲ್ಲಿದ್ದುದನ್ನು ಬೆರಳಿಟ್ಟುಕೊಂಡು ಕನ್ನಡ ಮಾಡಿ ಓದಿದೆ. ಆಕೆಯ ಕಣ್ಣು ನನ್ನ ಬೆರಳ ಮೇಲೇ ಇತ್ತು, ತುಟಿ ಅಲುಗುತ್ತಿತ್ತು.

"ಎಲ್ಲಾ ಸಾಲೂ ಓದ್ದ್ಯಾ?" ಎಂದು ಕೇಳಿದಳು.

ಓದಿದೆ ಎಂದೆ.

"ಅವತ್ತು ಒಂದ್ ಬಿಟ್ಟಿದ್ದೆ. ನಿನ್ ಬೆಳ್ಳು ಒಂಬತ್ ಸಾಲು ಇಳೀತು, ಬಾಯಿ ಎಂಟೇ ಯೇಳ್ತು. ಮಾರ್ನೆ ದಿನ ಅಂಗನವಾಡಿ ಟೀಚರಮ್ಮನ ಕೈಲಿ ಓದಿಸ್ದೆ."

ಆಕೆಯ ದನಿ ಏರಲಿಲ್ಲ. "ಬ್ಯಾರೆಯೋರು ಬರ್ದಿದ್ರೆ ನೀನ್ಯಾಕವ್ವ ಬಿಡ್ತಿದ್ದೆ?"

ಗೋಡೆಯ ಗೂಡಿನಲ್ಲಿದ್ದ ಡಬ್ಬಿ ತರಲು ಹೇಳಿದಳು. ಅದರೊಳಗೆ ಒಂದು ಪೊಟ್ಟಣ. ಬಿಚ್ಚಿದರೆ ನೀಲಗಿರಿಯ ಬೀಜ, ಕಪ್ಪು ಕೆಂಚು ಬೆರೆತ ಪುಡಿ. ಕಟ್ಟಿದ್ದ ಕಾಗದ ಅದೇ ನೋಟೀಸು. ಆ ಸಾಲನ್ನು ಈಗ ಓದು ಎಂದಳು. ಬೀಜ ಚೆಲ್ಲದಂತೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ. ಬಾಯಾರಿಕೆ ಎಂದೆ, ಮಕ್ಕಳ ಕಣ್ಣೀರು ಎಂದೆ. ಹದಿನೇಳನೇ ವಯಸ್ಸಿನಲ್ಲಿ ಜಗುಲಿಯ ಮೇಲೆ ಮೆರೆದ ಆ ಮಾತನ್ನು ಒಂದಕ್ಷರ ಬಿಡದೆ ಮುಗಿಸಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು.

"ಸೆಂದಾಗ್ ಬರ್ದಿದ್ದೀಯ" ಎಂದಳು. ಆಮೇಲೆ, "ಬೀಜ ನೀನೇ ಇಟ್ಕೊ. ತ್ಯಾವ ತಗಲುಸ್ಬ್ಯಾಡ."

ನೋಟೀಸು ಬಂದ ಮಾರನೆಯ ದಿನದಿಂದ ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ವರ್ಷ ನನ್ನನ್ನು ತಾರಸಿಗೆ ಕರೆದು, ಬೆರಳು ಹಿಡಿದು ತಿದ್ದಿದಳು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಕ್ಷಮೆ ಎಂದುಕೊಂಡರೆ ನನಗೆ ಸುಲಭ. ಅದಕ್ಕೇ ಹಾಗೆ ಅಂದುಕೊಳ್ಳಲು ಮನಸ್ಸಾಗುವುದಿಲ್ಲ.

ಇಪ್ಪತ್ತು ದಿನದಲ್ಲಿ ಹೋಗಿಬಿಟ್ಟಳು. ಮೈ ತೊಳೆಯುವಾಗ ಯಾರೋ ಒಬ್ಬಾಕೆ, ಇದೇನು ಅಸಹ್ಯ ಎಂದು ಆ ಉಗುರನ್ನು ಕತ್ತರಿಸಿದಳು. ನಾನು ನೀರಿನ ಚೊಂಬು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅದೇನೆಂದು ಆ ಮನೆಯಲ್ಲಿ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ಆಗಲೂ ಬಾಯಿ ಬಿಡಲಿಲ್ಲ.

ಈಗ ನೆಲಮಂಗಲದಲ್ಲಿ ಬಾಡಿಗೆ ಮನೆ, ತಾರಸಿಯ ಮೇಲೆ ಒಂದು ಬೇಸಿನ್. ಸಂಕ್ರಾಂತಿ ಕಳೆದ ಮೇಲೆ ಮಣ್ಣಿಗೆ ಕುದಿನೀರು ಹಾಕಿ, ಒಂದು ಚಿಟಿಕೆ ಬೀಜ ಬಿಡುತ್ತೇನೆ. ಲ್ಯಾಬಿನಲ್ಲಿ ಉಗುರು ಬೆಳೆಸುವಂತಿಲ್ಲ, ಹಾಗಾಗಿ ಬಿದಿರಿನ ಕಡ್ಡಿಯೇ. ಹುಟ್ಟಿದ್ದನ್ನೆಲ್ಲ ಎಲೆ ಹಿಡಿದು ಪ್ಯಾಕೆಟ್ಟಿಗೆ ಕೂರಿಸುತ್ತೇನೆ. ನೆಡಲು ನೆಲವಿಲ್ಲ. ನೀಲಗಿರಿ ಎಂದರೆ ಈಗ ಜನ ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಮುಂಗಾರು ಮುಗಿಯುವ ಹೊತ್ತಿಗೆ ಸಸಿಗಳು ಬೇರು ಸುತ್ತಿಕೊಂಡು ಒಣಗುತ್ತವೆ. ಪ್ರತಿವರ್ಷ ಪೊಟ್ಟಣ ಬಿಚ್ಚಿದಾಗ ಬೀಜವನ್ನು ಒಂದು ಬಟ್ಟಲಿಗೆ ಸುರಿದುಕೊಂಡು, ಆ ನೋಟೀಸನ್ನು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತೇನೆ. ಒಂಬತ್ತು ಸಾಲು. ಎಣಿಸಿಕೊಂಡು ಓದುತ್ತೇನೆ.